ಗಡಿ ದಾಟುವ ದಿನಕ್ಕೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ

ಸ್ವಂತ ಕಾರಿನಲ್ಲಿ ನೇಪಾಳಕ್ಕೆ ಹೋಗಬೇಕೆಂದು ಶಿವಮೊಗ್ಗದ ನಮ್ಮ ಪ್ರವಾಸ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವುದು, ಪೋಖರಾಕ್ಕೆ ಎಷ್ಟು ಕಿಲೋಮೀಟರ್ ಎಂದು. ಉತ್ತರ ಕಷ್ಟದ್ದಲ್ಲ. ಬಳ್ಳಾರಿ, ಹೈದರಾಬಾದ್, ನಾಗಪುರ, ಜಬಲ್‌ಪುರ, ಪ್ರಯಾಗರಾಜ್ ಮಾರ್ಗವಾಗಿ ಗಡಿಯ ಸೋನೌಲಿಗೆ ಸುಮಾರು 2,100 ಕಿಲೋಮೀಟರ್, ಅಲ್ಲಿಂದ ಪೋಖರಾಕ್ಕೆ ಇನ್ನು ಸುಮಾರು 180. ಆದರೆ ಈ ಲೆಕ್ಕವನ್ನು ಮುಂದಿಟ್ಟುಕೊಂಡು ದಿನಕ್ಕೆ ಐನೂರರಂತೆ ಭಾಗಿಸಿ ತಂದ ಪಟ್ಟಿಗಳನ್ನು ನಾನು ಮೊದಲು ಬದಿಗಿಡುತ್ತೇನೆ. ಎಣಿಸಬೇಕಾದದ್ದು ಹಗಲಿನ ಗಂಟೆಗಳನ್ನು. ಅಕ್ಟೋಬರ್ ಕೊನೆಯಲ್ಲಿ ಗೋರಖ್‌ಪುರದಲ್ಲಿ ಶಿವಮೊಗ್ಗಕ್ಕಿಂತ ಅರ್ಧ ಗಂಟೆಗೂ ಹೆಚ್ಚು ಮೊದಲೇ ಸೂರ್ಯ ಮುಳುಗುತ್ತಾನೆ. ನಮ್ಮಲ್ಲಿ ಸಂಜೆಯ ಕಾಫಿ ಮುಗಿಸುವ ಹೊತ್ತಿಗೆ ಅಲ್ಲಿ ಟ್ರ್ಯಾಕ್ಟರುಗಳು ಹಿಂಬದಿ ದೀಪವಿಲ್ಲದೆ ರಸ್ತೆಗಿಳಿದಿರುತ್ತವೆ.

ಯಾವ ತಿಂಗಳು ಹೊರಡಬೇಕೆಂಬುದು ಮಲೆನಾಡಿನವರಿಗೆ ಬೇರೆಯವರಿಗಿಂತ ಬಿಗಿಯಾದ ಪ್ರಶ್ನೆ. ಮಳೆ ತೊಳೆದ ಆಕಾಶದಲ್ಲಿ ಹಿಮಾಲಯದ ಅನ್ನಪೂರ್ಣ ಸಾಲು ಚೆನ್ನಾಗಿ ಕಾಣುವುದು ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ. ಆದರೆ ಅದೇ ಹೊತ್ತಿಗೆ ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾಗುತ್ತದೆ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಬರುತ್ತೇನೆಂದ ದಿನ ಯಜಮಾನರು ತೋಟದಲ್ಲಿರಲೇಬೇಕು. ಕೊಯ್ಲು, ಸುಲಿತ ಮುಗಿದ ಮೇಲೆ ಹೋಗೋಣವೆಂದರೆ ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಉತ್ತರ ಪ್ರದೇಶದ ಬಯಲನ್ನು ದಟ್ಟ ಮಂಜು ಮುಚ್ಚಿರುತ್ತದೆ. ಆಗುಂಬೆಯ ಮಂಜಿನಲ್ಲಿ ಗಾಡಿ ಓಡಿಸಿದವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಘಾಟಿಯಲ್ಲಿ ಎದುರಿನ ವಾಹನ ನಿಧಾನವಾಗಿ ಬರುತ್ತದೆ, ಹೆದ್ದಾರಿಯ ಮಂಜಿನಲ್ಲಿ ಹಿಂದಿನ ಲಾರಿ ನಿಧಾನಿಸುವುದಿಲ್ಲ ಎಂಬುದು ಅವರ ಲೆಕ್ಕದಲ್ಲಿ ಇರುವುದಿಲ್ಲ. ಏಪ್ರಿಲ್‌ನಲ್ಲಿ ನಾಗಪುರದ ಸುತ್ತ ನಲವತ್ತು ಡಿಗ್ರಿ ದಾಟುವ ಬಿಸಿಲು, ಪೋಖರಾದಲ್ಲಿ ಬೆಟ್ಟಗಳನ್ನು ಮರೆಮಾಡುವ ಮಬ್ಬು. ಹಾಗಾಗಿ ತೋಟದವರಿಗೆ ನಾನು ಹೇಳುವುದು ಎರಡೇ ಅವಧಿ: ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಸಿಂಪಡಣೆ ಮುಗಿದು ಕೊಯ್ಲು ಜೋರಾಗುವ ಮೊದಲಿನ ಅಕ್ಟೋಬರ್, ಇಲ್ಲವೇ ಮಾರ್ಚ್ ಮೊದಲ ಎರಡು ವಾರ. ಮಾರ್ಚ್‌ನಲ್ಲಿ ಹಿಮಶಿಖರ ಕಾಣದಿದ್ದರೂ ನೇಪಾಳದ ರಾಷ್ಟ್ರೀಯ ಪುಷ್ಪವಾದ ಲಾಲಿಗುರಾಂಸ್ ಬೆಟ್ಟಗಳಲ್ಲಿ ಕೆಂಪಾಗಿ ಅರಳಿರುತ್ತದೆ.

ಹೋಗುವ ದಾರಿಗೆ ನಾನು ಏಳು ದಿನ ಕೊಡುತ್ತೇನೆ. ಕರ್ನೂಲು, ನಿರ್ಮಲ್, ಸಿವನಿ, ಜಬಲ್‌ಪುರ, ಪ್ರಯಾಗರಾಜ್, ಗೋರಖ್‌ಪುರಗಳಲ್ಲಿ ಒಂದೊಂದು ರಾತ್ರಿ; ಏಳನೆಯ ದಿನ ಗಡಿ. ಐದು ದಿನದಲ್ಲಿ ಆಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಆಗುತ್ತದೆ. ಆದರೆ ನಮ್ಮ ಕಡೆಯ ಚಾಲಕರ ಅಭ್ಯಾಸವೇ ಬೇರೆ. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯನ್ನು ಮಾತಾಡುತ್ತಲೇ ಇಳಿಸುವವರು, ನಿರ್ಮಲ್ ದಾಟಿದ ಮೇಲಿನ ಉದ್ದನೆಯ ನೇರ ರಸ್ತೆಯಲ್ಲಿ ಎರಡು ಗಂಟೆ ಸ್ಟೇರಿಂಗ್ ಅಲ್ಲಾಡಿಸುವ ಕೆಲಸವಿಲ್ಲದೆ ಕೂತಾಗ ತೂಕಡಿಸುತ್ತಾರೆ. ತಿರುವು ನಮ್ಮನ್ನು ಎಚ್ಚರವಾಗಿಡುತ್ತದೆ, ನೇರ ರಸ್ತೆ ಇಡುವುದಿಲ್ಲ. ನೋಡುವ ಜಾಗಗಳನ್ನು ನಾನು ಪ್ರವಾಸದ ಅಲಂಕಾರವೆಂದು ಎಣಿಸದೆ, ಚಾಲಕನ ಕಣ್ಣು ಭಾರವಾಗುವ ಹೊತ್ತಿಗೆ ಸರಿಯಾಗಿ ಜೋಡಿಸುವುದು ಈ ಕಾರಣಕ್ಕೆ.

ಮೊದಲ ದಿನದ ನಿಲುಗಡೆ ನಮ್ಮ ರಾಜ್ಯದೊಳಗೇ ಇದೆ. ಚಿತ್ರದುರ್ಗ ದಾಟಿ ಬಳ್ಳಾರಿ ರಸ್ತೆಯಲ್ಲಿ ಸಾಗುವಾಗ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಿಲಾಶಾಸನವಿದೆ, ಬಿ.ಎಲ್. ರೈಸ್ ಅವರು 1892ರಲ್ಲಿ ಇದನ್ನು ಬೆಳಕಿಗೆ ತಂದರು. ಬ್ರಾಹ್ಮಿ ಲಿಪಿಯಲ್ಲಿರುವ ಆ ಬರಹದ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹುದ್ದೆಯನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಉಪಖಂಡದ ವಾಯವ್ಯ ಮೂಲೆಯ ಲಿಪಿ. ಅಂದರೆ ಆ ಮನುಷ್ಯ, ಇಲ್ಲವೇ ಅವನು ಕಲಿತ ವಿದ್ಯೆ, ನಮ್ಮ ಏಳು ದಿನದ ದಾರಿಗಿಂತ ಬಹಳ ದೂರದಿಂದ ಇಲ್ಲಿಗೆ ಬಂದಿರಬೇಕು. ಏಳನೆಯ ದಿನ ಲುಂಬಿನಿಯಲ್ಲಿ ನಿಲ್ಲುವಾಗ ಎದುರಿಗಿರುವುದೂ ಅದೇ ಅಶೋಕನ ಕಂಬ, ಅದೇ ಬ್ರಾಹ್ಮಿ. ಬುದ್ಧ ಹುಟ್ಟಿದ ಊರೆಂದು ಅದರ ತೆರಿಗೆಯನ್ನು ಮನ್ನಾ ಮಾಡಿ, ಬೆಳೆಯ ಎಂಟನೆಯ ಒಂದು ಪಾಲು ಮಾತ್ರ ಕೊಟ್ಟರೆ ಸಾಕೆಂದು ಅದರಲ್ಲಿ ಬರೆಸಿದ್ದಾನೆ. ನಾನು ಜೊತೆಗಿದ್ದ ಒಂದು ಪ್ರವಾಸದಲ್ಲಿ ಸಾಗರದ ಕಡೆಯ ಹಿರಿಯ ಬೆಳೆಗಾರರೊಬ್ಬರು ಇದನ್ನು ಕೇಳಿ, ‘ಅಡಿಕೆಗೂ ಅನ್ವಯ ಆಗ್ತಿತ್ತಾ ಮಾರಾಯ್ರೆ?’ ಎಂದು ವಿಚಾರಿಸಿದ್ದರು.

ನಾಗಪುರದಿಂದ ಸಿವನಿಗೆ ಹೋಗುವ ಹೆದ್ದಾರಿ ಪೆಂಚ್ ಹುಲಿ ಕಾಡಿನ ಅಂಚಿನಲ್ಲಿ ಸಾಗುತ್ತದೆ. ಅಲ್ಲಿ ಪ್ರಾಣಿಗಳು ಅಡಿಯಲ್ಲಿ ದಾಟಿಹೋಗಲೆಂದು ರಸ್ತೆಯನ್ನೇ ಎತ್ತರಿಸಿದ್ದಾರೆ, ಬದಿಗೆ ಸದ್ದು ಮತ್ತು ಬೆಳಕು ತಡೆಯುವ ಗೋಡೆಗಳಿವೆ. ನಿಲ್ಲಿಸಿ ನೋಡುವ ಜಾಗವಲ್ಲ, ನಿಧಾನವಾಗಿ ದಾಟುವ ಜಾಗ. ಮರುದಿನ ಅರ್ಧ ದಿನವನ್ನು ಭೇಡಾಘಾಟಿಗೆ ಕೊಡಬೇಕು. ನರ್ಮದೆ ಅಲ್ಲಿ ಧುಆಂಧಾರ್ ಜಲಪಾತವಾಗಿ ಬಿದ್ದು, ಬಿಳಿ ಅಮೃತಶಿಲೆಯ ಕಂದರದೊಳಗೆ ನುಗ್ಗುತ್ತಾಳೆ. ಜೋಗ ನೋಡಿದವರಿಗೆ ಜಲಪಾತದ ಎತ್ತರ ಏನೂ ಅಲ್ಲ. ದೋಣಿಯಲ್ಲಿ ಕೂತು ಕಂದರದೊಳಗೆ ಹೋದಾಗ ಮಾತು ನಿಲ್ಲುತ್ತದೆ. ಚಾಲಕನಿಗೆ ಇಲ್ಲಿ ಒಂದು ಪೂರ್ತಿ ಮಧ್ಯಾಹ್ನದ ನಿದ್ದೆ ಸಿಗುತ್ತದೆ, ನನಗೆ ಮುಖ್ಯ ಅದು.

ಇನ್ನು ಕಾಗದಪತ್ರ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ, ಆದರೆ ವಯಸ್ಕರ ಕೈಯಲ್ಲಿ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಬೇಕು. ಆಧಾರ್ ಒಂದನ್ನೇ ನಂಬಿ ಹೊರಡಬಾರದು. ಗಾಡಿ ಯಾರ ಹೆಸರಿನಲ್ಲಿದೆ ಎಂದು ನಾನು ಎರಡು ಸಲ ಕೇಳುತ್ತೇನೆ. ಓಡಿಸುವವರು ಮಗ, ಆರ್‌ಸಿ ಅಪ್ಪಯ್ಯನ ಹೆಸರಿನಲ್ಲಿ, ಅಪ್ಪಯ್ಯ ಮನೆಯಲ್ಲಿ ಎಂಬ ಸಂದರ್ಭ ನಮ್ಮಲ್ಲಿ ಸಾಮಾನ್ಯ. ಮಾಲೀಕರು ಜೊತೆಗಿಲ್ಲದಿದ್ದರೆ ಅವರ ಒಪ್ಪಿಗೆ ಪತ್ರ, ಗುರುತಿನ ಚೀಟಿಯ ಪ್ರತಿ ಬೇಕು. ಆರ್‌ಸಿ, ಡಿಎಲ್, ವಿಮೆ, ಹೊಗೆ ತಪಾಸಣೆಯ ಪತ್ರಗಳನ್ನು ಮೊಬೈಲಿನಲ್ಲಿ ತೋರಿಸುವ ಅಭ್ಯಾಸ ಗಡಿಯಾಚೆ ನಡೆಯುವುದಿಲ್ಲ, ಮೂಲಪ್ರತಿಗಳೇ ಬೇಕು. ಹೆಚ್ಚಿನವರು ಮರೆಯುವುದು ವಿಮೆಯನ್ನು. ನಮ್ಮ ವಾಹನ ವಿಮೆಯ ವ್ಯಾಪ್ತಿ ಸಾಮಾನ್ಯವಾಗಿ ಭಾರತಕ್ಕೆ ಮುಗಿಯುತ್ತದೆ. ನೇಪಾಳ, ಭೂತಾನ್ ಮುಂತಾದ ನೆರೆಯ ದೇಶಗಳಿಗೆ ಅದನ್ನು ಹಿಗ್ಗಿಸಲು ಐಎಂಟಿ 1 ಎಂಬ ಹಿಂಬರಹವಿದೆ. ಹೊರಡುವ ಎರಡು ವಾರ ಮೊದಲೇ ನಿಮ್ಮ ವಿಮಾ ಏಜೆಂಟರಿಗೆ ಈ ಸಂಖ್ಯೆಯನ್ನೇ ಹೇಳಿ, ಪಾಲಿಸಿಯ ಮೇಲೆ ಬರೆಸಿಕೊಳ್ಳಿ. 2025ರ ಆಗಸ್ಟ್‌ನಲ್ಲಿ 3,000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್, ರಾಷ್ಟ್ರೀಯ ಹೆದ್ದಾರಿಯಲ್ಲಿ ಇಷ್ಟು ದೂರ ಹೋಗಿಬರುವ ಖಾಸಗಿ ಕಾರಿಗೆ ಲಾಭದ್ದೇ.

ಸೋನೌಲಿಯಲ್ಲಿ ವಾಹನಕ್ಕೆ ಭನ್ಸಾರ್, ಅಂದರೆ ಸುಂಕದ ಕಚೇರಿಯ ಚೀಟಿ ಮಾಡಿಸಬೇಕು, ಜೊತೆಗೆ ಅಲ್ಲಿನ ಸಾರಿಗೆ ಇಲಾಖೆಯ ಯಾತಾಯಾತ್ ಪರವಾನಗಿ. ಶುಲ್ಕ ದಿನದ ಲೆಕ್ಕದಲ್ಲಿ. ಐದು ದಿನ ಇರುವವರು ಆರು ದಿನಕ್ಕೆ ಕಟ್ಟಲಿ. ಅವಧಿ ಮೀರಿದರೆ ದಂಡ, ಅದಕ್ಕಿಂತ ಹೆಚ್ಚಾಗಿ ವಾಪಸು ಬರುವ ದಿನದ ತಲೆಬಿಸಿ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿದೆ. ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60 ರೂಪಾಯಿಯ ದರ 1993ರಿಂದ ಬದಲಾಗಿಲ್ಲ. ದೊಡ್ಡ ನೋಟುಗಳ ನಿಯಮ ಮಾತ್ರ ಆಗಾಗ ಬದಲಾಗಿರುವುದರಿಂದ ನೂರರ ನೋಟಿನ ಕಟ್ಟು ಒಯ್ಯುವುದು ಕ್ಷೇಮ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಕಡೆಯ ಕುಟುಂಬವೊಂದಕ್ಕೆ ಗೋರಖ್‌ಪುರದಿಂದ ಹೊರಟು, ಗಡಿ ದಾಟಿ, ಅದೇ ಸಂಜೆ ಪೋಖರಾ ತಲುಪುವಂತೆ ಪಟ್ಟಿ ಬರೆದುಕೊಟ್ಟಿದ್ದೆ. ನಕ್ಷೆಯ ಮೇಲೆ ಮುನ್ನೂರು ಕಿಲೋಮೀಟರೂ ಇಲ್ಲ. ಗಡಿಯಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿ, ಚೀಟಿ ಕೈಗೆ ಬರುವಾಗಲೇ ಮಧ್ಯಾಹ್ನ ಕಳೆದಿತ್ತು. ಬುಟ್ವಲ್ ಪಟ್ಟಣ ಮುಗಿಯುತ್ತಿದ್ದಂತೆ ಸಿಗುವ ಸಿದ್ಧಬಾಬಾ ಕಣಿವೆಯಲ್ಲಿ ಮೇಲಿನಿಂದ ಕಲ್ಲು ಉರುಳಿ ರಸ್ತೆ ನಿಂತಿತ್ತು. ರಾತ್ರಿ ಒಂಬತ್ತಕ್ಕೆ ಫೋನ್ ಬಂತು: ‘ನೀವು ಬರೆದ ಪ್ರಕಾರ ನಾವೀಗ ಕೆರೆ ಪಕ್ಕ ಊಟ ಮಾಡ್ತಿರಬೇಕಿತ್ತು ಮಾರಾಯ್ರೆ. ಇಲ್ಲಿ ಅವಲಕ್ಕಿ ಕಟ್ಟು ಬಿಚ್ಚಿದ್ದೇವೆ.’ ಅಂದಿನಿಂದ ಗಡಿಯ ದಿನಕ್ಕೆ ಲುಂಬಿನಿಯ ಹೊರತು ನಾನು ಏನನ್ನೂ ಸೇರಿಸುವುದಿಲ್ಲ. ಅದೂ ಗಡಿಯಿಂದ ಒಂದು ಗಂಟೆಯ ಹಾದಿಯೆಂಬ ಕಾರಣಕ್ಕೆ. ಮರುದಿನ ಬೆಳಿಗ್ಗೆ ಬೇಗ ಸಿದ್ಧಬಾಬಾ ದಾಟಿ, ತಾನ್ಸೇನ್‌ನಲ್ಲಿ ಊಟ ಮಾಡಿ, ಬೆಳಕಿರುವಾಗಲೇ ಪೋಖರಾಕ್ಕೆ ಇಳಿಯುವುದು ಸರಿಯಾದ ಕ್ರಮ.

ಬುಟ್ವಲ್‌ನಿಂದ ಪೋಖರಾಕ್ಕೆ ಹೋಗುವ ಈ ಸಿದ್ಧಾರ್ಥ ಹೆದ್ದಾರಿಯಲ್ಲಿ ನಮ್ಮವರ ಕೈ ಪಳಗಿದ್ದು ಉಪಯೋಗಕ್ಕೆ ಬರುತ್ತದೆ. ಏರುವ ಗಾಡಿಗೆ ದಾರಿ ಬಿಡುವುದು, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡದೆ ಹತ್ತಿದ ಗೇರಿನಲ್ಲೇ ಇಳಿಯುವುದು ಇವೆಲ್ಲ ಹುಲಿಕಲ್ ಘಾಟಿಯಲ್ಲೇ ಕಲಿತದ್ದು. ಬೇರೆಯಾದದ್ದು ಮಣ್ಣು. ಹಿಮಾಲಯದ ಎಳೆಯ ಬೆಟ್ಟಗಳು ಮಳೆಯಲ್ಲಿ ಜಾರುವ ಪರಿ ನಮ್ಮ ಅನುಭವಕ್ಕೆ ಮೀರಿದ್ದು. 2024ರ ಜುಲೈ 12ರಂದು ನೇಪಾಳದ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯ ಸಿಮಲತಾಲ್‌ನಲ್ಲಿ ಕುಸಿದ ಗುಡ್ಡ ಎರಡು ಬಸ್ಸುಗಳನ್ನು ತ್ರಿಶೂಲಿ ನದಿಗೆ ತಳ್ಳಿತು. ಮಳೆಗಾಲದಲ್ಲಿ ತೋಟಕ್ಕೆ ಬಿಡುವಿದೆಯೆಂದು ಬರುವವರಿಗೆ ನಾನು ಪಟ್ಟಿ ಬರೆದುಕೊಡುವುದಿಲ್ಲ.

ಭೂತಾನಿಗೆ ಸ್ವಂತ ಕಾರಿನಲ್ಲಿ ಹೋಗಬಹುದೇ ಎಂದೂ ಕೇಳುತ್ತಾರೆ. ಹೋಗಬಹುದು, ಆದರೆ ಭಾರತೀಯ ಪ್ರವಾಸಿಗರಿಗೆ ತಲೆಗೆ ರಾತ್ರಿಯೊಂದಕ್ಕೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕವಿದೆ, ಕಾರಿಗೆ ದಿನದ ಶುಲ್ಕ ಬೇರೆ. ಗಡಿ ಪಟ್ಟಣವಾದ ಫುಂಟ್ಶೋಲಿಂಗ್‌ವರೆಗೆ ಮಾತ್ರ ಸ್ವಂತ ಗಾಡಿಯಲ್ಲಿ ಹೋಗಿ, ಅಲ್ಲಿಂದ ಮುಂದಕ್ಕೆ ಅಲ್ಲಿನ ಕಾರು ಮಾಡಿಕೊಂಡರೆ ಖರ್ಚೂ ಕಡಿಮೆ, ಚಾಲಕನಿಗೂ ಬೆಟ್ಟ ನೋಡಲು ಸಿಗುತ್ತದೆ.

ಪೋಖರಾದಲ್ಲಿ ಮೂರು ರಾತ್ರಿ ಇಡುತ್ತೇನೆ. ಸಾರಂಗ್‌ಕೋಟ್ ಗುಡ್ಡದಿಂದ 6,993 ಮೀಟರ್ ಎತ್ತರದ ಮಚ್ಛಪುಚ್ಛ್ರೆ ಮೊದಲ ಬೆಳಿಗ್ಗೆಯೇ ಕಂಡೀತೆಂಬ ಭರವಸೆಯಿಲ್ಲ, ಮೂರು ಬೆಳಿಗ್ಗೆಗಳಲ್ಲಿ ಒಂದಾದರೂ ಮೋಡ ಸರಿಯುವ ಸಾಧ್ಯತೆ ಹೆಚ್ಚು. ಬರುವ ದಾರಿಗೆ ಆರು ದಿನ ಸಾಕು. ಭೇಡಾಘಾಟಿನ ಅರ್ಧ ದಿನ ಉಳಿಯುತ್ತದೆ, ಅಷ್ಟರಲ್ಲಿ ಕೊನೆಗೌಡನ ಫೋನೂ ಬಂದಿರುತ್ತದೆ. ಆದರೆ ಸೋನೌಲಿಯಲ್ಲಿ ಭನ್ಸಾರ್ ಚೀಟಿಯನ್ನು ಒಪ್ಪಿಸಿ, ನಮೂದು ಮಾಡಿಸಿಕೊಂಡ ಮೇಲೆಯೇ ಗಡಿಯ ಕಮಾನು ದಾಟಬೇಕು. ಆ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಚಾಲಕನ ಬಿಸಿಲುಪಟ್ಟಿಗೆ ಸಿಕ್ಕಿಸಿಡಲು ಹೇಳುತ್ತೇನೆ. ಅವಲಕ್ಕಿ ಡಬ್ಬಿಯ ಅಡಿಯಲ್ಲಿ ಸಿಕ್ಕಿದ್ದೂ ಇದೆ.