ಬೂದಿ ಹಚ್ಚಿಕೊಂಡ ದಿನ ಓದುವ ಮಾತು

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲ ಶುರುವಾಗುವುದು ವಿಭೂತಿ ಬುಧವಾರ. ಅಂದು ಕಾರವಾರದಿಂದ ಹೊನ್ನಾವರದವರೆಗೂ ಇಗರ್ಜಿಗಳಲ್ಲಿ ಹಣೆಗೆ ಬೂದಿ ಹಚ್ಚುತ್ತಾರೆ. ಅದೇ ಪೂಜೆಯಲ್ಲಿ ಓದುವುದು ಬೈಬಲ್ಲಿನ ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯ. ಉಪವಾಸ ಮಾಡುವಾಗ ಮುಖ ಸಪ್ಪಗೆ ಮಾಡಿಕೊಳ್ಳಬೇಡಿ, ಮುಖ ತೊಳೆದುಕೊಳ್ಳಿ ಎನ್ನುತ್ತಾರೆ ಯೇಸು. ದಾನ ಕೊಡುವಾಗ ತುತ್ತೂರಿ ಊದಿಸಬೇಡಿ, ಬಾಗಿಲು ಹಾಕಿಕೊಂಡು ಪ್ರಾರ್ಥಿಸಿ ಎಂಬ ಮಾತೂ ಅಲ್ಲೇ ಇದೆ. ಹಣೆಯ ಮೇಲೆ ಎಲ್ಲರಿಗೂ ಕಾಣುವ ಗುರುತು, ಕಿವಿಗೆ ಈ ಮಾತು. ಎರಡೂ ಒಂದೇ ದಿನ ಬಂದಿದ್ದು ಒಳ್ಳೆಯದೇ ಆಯಿತು. ಗುರುತು ಬೇಡ ಅಂತ ನಾನು ಹೇಳುತ್ತಿಲ್ಲ. ಅದರ ಹಿಂದೆ ಅಂಥ ಬದುಕು ಇದೆಯಾ ಎಂದು ಕೇಳಿಕೊಳ್ಳಲೇಬೇಕು ಅಲ್ವಾ?

ಈ ಪ್ರಶ್ನೆ ಯೇಸುವಿಗಿಂತ ಹಳೆಯದು. ಕ್ರಿ.ಪೂ. 8ನೇ ಶತಮಾನದಲ್ಲೇ ಪ್ರವಾದಿ ಆಮೋಸ ಇದನ್ನು ಎತ್ತಿದ್ದ. ನಿಮ್ಮ ಹಬ್ಬಗಳು ದೇವರಿಗೆ ಬೇಡ, ನ್ಯಾಯ ನೀರಿನಂತೆ ಹರಿಯಲಿ ಎಂದ. ಬಡವರನ್ನು ಒಂದು ಜೊತೆ ಚಪ್ಪಲಿಯ ಬೆಲೆಗೆ ಮಾರುವವರೇ ಬಲಿ ಅರ್ಪಿಸಲು ಬರುತ್ತಿದ್ದರು. ಅವನ ಸಿಟ್ಟು ಅದಕ್ಕೆ.

ಮೊದಲ ಕ್ರೈಸ್ತರೂ ಎಡವಿದರು. ದಿದಾಖೆ ಎಂಬ ಅವರ ಹಳೆಯ ಕೈಪಿಡಿಯಲ್ಲಿ, ಕಪಟಿಗಳು ಸೋಮವಾರ, ಗುರುವಾರ ಉಪವಾಸ ಮಾಡುತ್ತಾರೆ, ನೀವು ಬುಧವಾರ, ಶುಕ್ರವಾರ ಮಾಡಿ ಎಂದಿದೆ. ವಾರ ಬದಲಾದರೆ ಕಪಟ ಹೋಗುತ್ತದಾ?

ನಮ್ಮ ಕರಾವಳಿಗೆ ಕ್ರೈಸ್ತ ಧರ್ಮ ಬಂದಿದ್ದು ಗೋವಾದ ದಾರಿಯಲ್ಲಿ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್, ಅಂದರೆ ನಂಬಿಕೆ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಧರ್ಮ ನ್ಯಾಯಾಲಯ ಶುರುವಾಯಿತು. ಹೊಸದಾಗಿ ಕ್ರೈಸ್ತರಾದವರು ಏನು ಉಡುತ್ತಾರೆ, ಮದುವೆಯಲ್ಲಿ ಯಾವ ಹಾಡು ಹೇಳುತ್ತಾರೆ ಎಂಬುದರ ಮೇಲೂ ಮುಂದೆ ಕಣ್ಣಿಟ್ಟರು. ಅದೇ ಗೋವಾದಲ್ಲಿ ಆಫ್ರಿಕಾದಿಂದ ತಂದ ಮನುಷ್ಯರನ್ನು ಮಾರುತ್ತಿದ್ದರು. ಅವರಿಗೆ ದೀಕ್ಷಾಸ್ನಾನ ಕೊಡಿಸಿ, ಸಂತರ ಹೆಸರಿಟ್ಟು, ಗುಲಾಮರಾಗಿಯೇ ದುಡಿಸಿಕೊಂಡರು. ಆಮೋಸ ಬೈದಿದ್ದೂ ಇದನ್ನೇ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಜನರಲ್ಲಿ ಹಲವರ ಹಿರಿಯರು ಗೋವಾದಿಂದ ತಪ್ಪಿಸಿಕೊಂಡು ಬಂದವರು. ಅವರಲ್ಲಿ ಇಂದಿಗೂ ಕ್ರೈಸ್ತರಿದ್ದಾರೆ. ದಬ್ಬಾಳಿಕೆ ಮಾಡಿದವರ ಕೈಯಿಂದ ಬಂದ ನಂಬಿಕೆಯನ್ನು ಅವರು ತಮ್ಮದಾಗಿಸಿಕೊಂಡರು. ನಮ್ಮ ಜಿಲ್ಲೆಯ ಕ್ರೈಸ್ತರ ಕಥೆ ಹೇಳುವಾಗ ಇದನ್ನು ಬಿಟ್ಟುಬಿಡಬಾರದು.

ಅದೇ ಗೋವಾದ ಪಾದ್ರಿ ಜೋಸೆಫ್ ವಾಜ್ 1681ರಲ್ಲಿ ಕೆನರಾ ಸೀಮೆಗೆ, ಅಂದರೆ ನಮ್ಮ ಕರಾವಳಿಗೆ ಬಂದರು. ಆಗ ಇಲ್ಲಿ ಪೋರ್ಚುಗಲ್ ಕಡೆಯ ಪಾದ್ರಿಗಳಿಗೂ ರೋಮಿನಿಂದ ನೇಮಕವಾದ ಬಿಷಪ್ಪರಿಗೂ ಯಾರ ಅಧಿಕಾರ ನಡೆಯಬೇಕೆಂದು ಜಗಳ. ವಾಜ್ 1684ರವರೆಗೆ ಆ ಜಗಳದ ನಡುವೆಯೇ ಜನರ ಸೇವೆ ಮಾಡಿದರು. 1687ರಲ್ಲಿ ಶ್ರೀಲಂಕಾಕ್ಕೆ ಹೋದರು. ಡಚ್ಚರು ಅಲ್ಲಿ ಕಥೊಲಿಕ ಪಾದ್ರಿಗಳನ್ನು ಬಿಡುತ್ತಿರಲಿಲ್ಲ. ನಿಲುವಂಗಿ ಬಿಟ್ಟು, ಕೂಲಿಯವನ ಬಟ್ಟೆಯಲ್ಲಿ ಒಳಗೆ ಹೋದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿದಾಗ, ಮನೆಯವರೇ ಬಿಟ್ಟುಹೋದ ರೋಗಿಗಳ ಆರೈಕೆ ಮಾಡಿದರು. ರೋಗಿ ಯಾವ ಧರ್ಮದವರು ಎಂದು ನೋಡಲಿಲ್ಲ. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಜಗತ್ತಿನ ಕಥೊಲಿಕ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಸಭೆ 1965ರಲ್ಲಿ ನೇರವಾಗಿಯೇ ಹೇಳಿತು: ನಂಬಿಕೆಗೂ ದಿನನಿತ್ಯದ ಬದುಕಿಗೂ ಬಿದ್ದಿರುವ ಬಿರುಕು ಈ ಕಾಲದ ದೊಡ್ಡ ತಪ್ಪುಗಳಲ್ಲಿ ಒಂದು. ಒಬ್ಬ ಬಿಷಪ್ಪರ ಆಡಳಿತದ ಕಾರವಾರ ಧರ್ಮಪ್ರಾಂತ ಹುಟ್ಟಿದ್ದು ಅದಾದ ಮೇಲೆ, 1976ರಲ್ಲಿ. ಅಂದರೆ ಈ ಎಚ್ಚರಿಕೆ ನಮ್ಮ ಕೈಯಲ್ಲಿ ಮೊದಲಿನಿಂದಲೂ ಇದೆ.

ಆದರೂ ಫೆಸ್ತಿನ, ಅಂದರೆ ಇಗರ್ಜಿ ಹಬ್ಬದ ದೀಪಾಲಂಕಾರಕ್ಕೆ ಎಷ್ಟು ಖರ್ಚಾಯಿತು, ದಾನಿಗಳ ಫಲಕದಲ್ಲಿ ಯಾರ ಹೆಸರು ಮೇಲಿದೆ ಎಂಬ ಮಾತೇ ಜಾಸ್ತಿ. ಮೆರವಣಿಗೆಯಲ್ಲಿ ಮೇಣದಬತ್ತಿ ಹಿಡಿದು ಹೋಗುವವರಲ್ಲಿ ತೋಟದ ಗಡಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರೂ ಇರುತ್ತಾರೆ. ಸಹೋದರನಿಗೆ ನಿನ್ನ ಮೇಲೆ ದೂರಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗು, ಮೊದಲು ರಾಜಿಯಾಗು ಎಂದು ಮತ್ತಾಯನ ಐದನೇ ಅಧ್ಯಾಯದಲ್ಲಿದೆ. ತಪಸ್ಸು ಕಾಲದ ನಲವತ್ತು ದಿನಗಳಲ್ಲಿ ಮೀನು, ಮಾಂಸ ಬಿಡುವವರು ಇಂಥ ಒಂದು ಮನೆಯ ಮೆಟ್ಟಿಲು ಹತ್ತಲಿ. ಊರಿನ ಹಿರಿಯರೂ, ಪಾದ್ರಿಗಳೂ ಜೊತೆಗೆ ಹೋಗಲಿ.