ಆರು ಔನ್ಸಿನ ಸರಪಳಿ: ಟೆನ್ನೆಸೀ ಕುದುರೆಯ ಲಾಳಕ್ಕೆ ಕಾನೂನು ಬಂದದ್ದು ಹೇಗೆ?

ಅಮೆರಿಕದಲ್ಲಿ ಟೆನ್ನೆಸೀ ವಾಕಿಂಗ್ ಹಾರ್ಸ್ ತಳಿಯ ಕುದುರೆಯನ್ನು ಸ್ಪರ್ಧೆಯ ಕಣಕ್ಕೆ ಇಳಿಸುವಾಗ ಅದರ ಮುಂಗಾಲಿಗೆ ಏನು ಕಟ್ಟಬಹುದು, ಏನು ಕಟ್ಟಬಾರದು ಎಂದು ಫೆಡರಲ್ ಸರ್ಕಾರವೇ ಹೇಳಿದೆ. ಸರಪಳಿಯ ತೂಕ ಕೊಕ್ಕೆಯೂ ಸೇರಿ 6 ಔನ್ಸ್ ದಾಟಬಾರದು, ಅಂದರೆ ಸುಮಾರು 170 ಗ್ರಾಂ. ಕೊಂಡಿಗಳೆಲ್ಲ ಒಂದೇ ಗಾತ್ರ, ಒಂದೇ ತೂಕದವಾಗಿರಬೇಕು. ತಿರುಚಿದ ಕೊಂಡಿಯಾಗಲಿ ಜೋಡಿ ಕೊಂಡಿಯಾಗಲಿ ಸಲ್ಲದು. ಅಕ್ಕಸಾಲಿಗನ ತಕ್ಕಡಿ ನೆನಪಾಗುವಷ್ಟು ಸೂಕ್ಷ್ಮ ಲೆಕ್ಕ ಇದು. ಸುಮ್ಮನೆ ಬಂದದ್ದಲ್ಲ, ಬಹುತೇಕ ಪ್ರತಿ ಷರತ್ತಿನ ಹಿಂದೆ ಯಾರದೋ ಒಂದು ಕಿತಾಪತಿ ಇದೆ.

ಈ ತಳಿಗೆ ಹೆಸರು ತಂದದ್ದು ಅದರ ನಡೆ. ರನ್ನಿಂಗ್ ವಾಕ್ ಎನ್ನುವ ಆ ನಡೆಯಲ್ಲಿ ನಾಲ್ಕು ಕಾಲುಗಳೂ ಒಂದಾದ ಮೇಲೊಂದು ನೆಲ ಮುಟ್ಟುತ್ತವೆ. ಹಿಂಗಾಲು ಮುಂಗಾಲಿನ ಹೆಜ್ಜೆ ಗುರುತನ್ನು 6ರಿಂದ 18 ಇಂಚು ದಾಟಿ ಬೀಳುತ್ತದೆ, ತಲೆ ಹೆಜ್ಜೆಯ ಲಯಕ್ಕೆ ತೂಗುತ್ತದೆ, ಸವಾರನಿಗೆ ಕುಲುಕಾಟವೇ ಇಲ್ಲ. ನಮ್ಮ ಮಾರವಾಡಿ ಕುದುರೆಯ ರೇವಾಲ್ ನಡೆ ಕಂಡವರಿಗೆ ಆ ಸುಖ ಎಂಥದೆಂದು ಗೊತ್ತಿರುತ್ತದೆ. ಇದು ರಕ್ತದಲ್ಲೇ ಬಂದದ್ದು, ಸಾಧಾರಣ ಲಾಳದಲ್ಲೇ ಚೆನ್ನಾಗಿ ಕಾಣುವಂಥದ್ದು. 1935ರಲ್ಲಿ ಲೂಯಿಸ್‌ಬರ್ಗ್‌ನಲ್ಲಿ ತಳಿ ಸಂಘ ಹುಟ್ಟಿತು, 1939ರಲ್ಲಿ ಶೆಲ್ಬಿವಿಲ್‌ನಲ್ಲಿ ‘ಸೆಲೆಬ್ರೇಷನ್’ ಎಂಬ ದೊಡ್ಡ ಸ್ಪರ್ಧೆ ಶುರುವಾಯಿತು.

1950ರ ದಶಕದಲ್ಲಿ ಜನರ ರುಚಿ ಬದಲಾಯಿತು. ಮುಂಗಾಲನ್ನು ಎದೆಮಟ್ಟಕ್ಕೆ ಎಸೆದು, ಹಿಂಭಾಗ ಕುಕ್ಕರಿಸಿದಂತೆ ನಡೆಯುವ ಕುದುರೆಗೆ ಬಹುಮಾನ ಸಿಗತೊಡಗಿತು. ಆ ನಡೆಗೆ ‘ಬಿಗ್ ಲಿಕ್’ ಎಂದು ಹೆಸರು. ವರ್ಷಗಟ್ಟಲೆ ತರಬೇತಿ ಕೊಡುವುದರ ಬದಲು ಅಡ್ಡದಾರಿ ಹಿಡಿದವರಿಗೆ ಅದು ಬೇಗ ದಕ್ಕಿತು. ಗೊರಸಿನ ಮೇಲಿನ ಮಣಿಕಟ್ಟಿನಂಥ ಭಾಗಕ್ಕೆ, ಅಂದರೆ ಪಾಸ್ಟರ್ನ್‌ಗೆ, ಸಾಸಿವೆ ಎಣ್ಣೆಯ ಸಾರವನ್ನೋ ಸೀಮೆಎಣ್ಣೆಯನ್ನೋ ಡೀಸೆಲನ್ನೋ ಹಚ್ಚಿ ಪ್ಲಾಸ್ಟಿಕ್ ಸುತ್ತಿ ಬಿಡುತ್ತಿದ್ದರು. ಬೆಂದ ಚರ್ಮದ ಮೇಲೆ ಸರಪಳಿ ಬಡಿದಾಗಲೆಲ್ಲ ಉರಿ. ಕುದುರೆ ಕಾಲನ್ನು ನೆಲದಲ್ಲಿ ಊರಲಾರದೆ ಮೇಲಕ್ಕೆಸೆಯುತ್ತದೆ, ಮೈಭಾರವನ್ನು ಹಿಂಗಾಲಿಗೆ ಹಾಕುತ್ತದೆ. ಇದಕ್ಕೆ ‘ಸೋರಿಂಗ್’ ಎನ್ನುತ್ತಾರೆ.

ಚರ್ಮದ ಮೇಲೆ ಗುರುತೇ ಉಳಿಸದ ಇನ್ನೊಂದು ವಿಧಾನ ಲಾಳದ ಒಳಗೇ ನಡೆಯುತ್ತದೆ. ಗೊರಸಿನ ಅಂಗಾಲನ್ನು ಜೀವಂತ ಪದರದವರೆಗೂ ಹೆರೆದು, ಅದಕ್ಕೂ ಪ್ಯಾಡಿಗೂ ನಡುವೆ ಗಟ್ಟಿ ವಸ್ತುವೊಂದನ್ನು ತುರುಕಿ ಲಾಳ ಹೊಡೆದುಬಿಡುವುದು. ಎತ್ತರದ ಪ್ಯಾಡುಗಳೆಂದರೆ ಗೊರಸಿಗೂ ಲಾಳಕ್ಕೂ ನಡುವೆ ಇಡುವ ಚರ್ಮ ಅಥವಾ ಪ್ಲಾಸ್ಟಿಕ್ಕಿನ ಪದರಗಳ ಅಟ್ಟಿ. ಅಷ್ಟು ಭಾರವನ್ನು ಮೊಳೆಯೊಂದೇ ಹಿಡಿದು ನಿಲ್ಲಿಸಲಾರದು, ಹಾಗಾಗಿ ಗೊರಸಿನ ಮೇಲೆ ಅಡ್ಡಲಾಗಿ ಲೋಹದ ಪಟ್ಟಿ ಬಿಗಿಯುತ್ತಾರೆ. ಲಾಳ ಬಿಚ್ಚದೆ ಒಳಗೇನಿದೆಯೆಂದು ತಿಳಿಯದು. ಸ್ಪರ್ಧೆಗೆ ಮುಂಚೆ ಲಾಳ ಬಿಚ್ಚಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಪ್ಯಾಡಿನ ಜಗಳ ಇಷ್ಟು ವರ್ಷ ಎಳೆದದ್ದಕ್ಕೆ ಮುಖ್ಯ ಕಾರಣ ಇದು.

ಮೇರಿಲ್ಯಾಂಡಿನ ಸೆನೆಟರ್ ಜೋಸೆಫ್ ಟೈಡಿಂಗ್ಸ್ ಹಟ ಹಿಡಿದು ತಂದ ಕುದುರೆ ಸಂರಕ್ಷಣಾ ಕಾಯ್ದೆಗೆ 1970ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಕಾಯ್ದೆ ಪ್ಯಾಡನ್ನಾಗಲಿ ಸರಪಳಿಯನ್ನಾಗಲಿ ನಿಷೇಧಿಸಲಿಲ್ಲ. ನೋಯಿಸಿದ ಕುದುರೆಯನ್ನು ಪ್ರದರ್ಶಿಸುವುದು, ಮಾರುವುದು, ಸಾಗಿಸುವುದು ಅಪರಾಧ ಎಂದಿತು. 1976ರ ತಿದ್ದುಪಡಿ ತಪಾಸಣೆಯನ್ನು ಬಹುಮಟ್ಟಿಗೆ ಉದ್ಯಮದ್ದೇ ಸಂಘಟನೆಗಳು ತರಬೇತಿ ಕೊಟ್ಟು ನೇಮಿಸುವ ಪರೀಕ್ಷಕರ ಕೈಗೆ ಕೊಟ್ಟಿತು, ಕಾಯ್ದೆ ಜಾರಿ ಮಾಡುವ ಕೃಷಿ ಇಲಾಖೆಗೆ ಈ ಕೆಲಸಕ್ಕೆ ವರ್ಷಕ್ಕೆ 5 ಲಕ್ಷ ಡಾಲರ್ ಮಿತಿ ಹಾಕಿತು. ಬೇಲಿ ಕಾಯುವ ಕೆಲಸ ಹೊಲ ಮೇಯುವವರಿಗೇ ಸಿಕ್ಕಿತು.

ಮೊದಲಿಗೆ ಸರಪಳಿಗೆ 10 ಔನ್ಸ್‌ವರೆಗೆ ಅವಕಾಶವಿತ್ತು. ಆಬರ್ನ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 10 ಔನ್ಸಿನ ಸರಪಳಿ ಚರ್ಮಕ್ಕೆ ಗಾಯ ಮಾಡಿತು, 6 ಔನ್ಸಿನದು ಮಾಡಲಿಲ್ಲ. ಪ್ರಾಣಿದಯಾ ಸಂಘವೊಂದು ಕೋರ್ಟಿಗೆ ಹೋಯಿತು, 1987ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಇಲಾಖೆಯನ್ನು ತರಾಟೆಗೆ ತೆಗೆದುಕೊಂಡಿತು. ಅದಾದ ಮೇಲೆ 1988–89ರಲ್ಲಿ ಬಂದ ನಿಯಮಗಳೇ ಇಂದಿಗೂ ಚರ್ಚೆಯ ಬುನಾದಿ.

ಅವುಗಳನ್ನು ಬಿಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಗೊರಸಿನ ತುದಿಗೆ ಕೃತಕವಾಗಿ ಸೇರಿಸುವ ಉದ್ದ ಸಹಜ ಗೊರಸಿನ ಅರ್ಧದಷ್ಟನ್ನು ಮೀರಬಾರದು. ತುದಿಯ ಉದ್ದ ಹಿಮ್ಮಡಿಯ ಎತ್ತರಕ್ಕಿಂತ ಕನಿಷ್ಠ 1 ಇಂಚು ಹೆಚ್ಚಿರಬೇಕು, ಹಿಮ್ಮಡಿ ಎತ್ತರಿಸಿ ಕುದುರೆಯನ್ನು ತುದಿಗಾಲಲ್ಲಿ ನಿಲ್ಲಿಸದಿರಲೆಂದು. ಲಾಳದ ಹಿಂಬದಿಯ ಉಬ್ಬು ಮುಕ್ಕಾಲು ಇಂಚು ದಾಟಿದರೆ ಹೆಚ್ಚಾದದ್ದು ಹಿಮ್ಮಡಿಯ ಲೆಕ್ಕಕ್ಕೇ ಸೇರುತ್ತದೆ. ಲೋಹದ ಪಟ್ಟಿ ಕೂದಲಂಚಿನಿಂದ ಅರ್ಧ ಇಂಚು ಕೆಳಗಿರಬೇಕು, ಕೈಯಿಂದ ಸುಲಭಕ್ಕೆ ಬಿಗಿಯುವ ಸಡಿಲಿಸುವ ಹಾಗಿರಬಾರದು. ಇಲ್ಲದಿದ್ದರೆ ಪರೀಕ್ಷೆ ಮುಗಿದ ಕೂಡಲೇ ಒಂದು ತಿರುವು ಹೆಚ್ಚಿಗೆ ಬಿಗಿದು ಕಣಕ್ಕೆ ಬಿಡಬಹುದು. ಪ್ಯಾಡನ್ನು ಟೊಳ್ಳು ಮಾಡಿ ತೂಕ ತುಂಬುವುದು, ಟೊಳ್ಳು ಲಾಳಕ್ಕೆ ಪಾದರಸ ಹೊಯ್ಯುವುದು ಎರಡೂ ನಿಷಿದ್ಧ. ಎರಡು ವರ್ಷದೊಳಗಿನ ಮರಿಗೆ 16 ಔನ್ಸಿಗಿಂತ ಭಾರದ ಲಾಳವಾಗಲಿ, ಹಿಮ್ಮಡಿಯನ್ನು 1 ಇಂಚಿಗಿಂತ ಎತ್ತರಿಸುವ ಪ್ಯಾಡಾಗಲಿ ಕೂಡದು.

ಕಡಿವಾಣ, ಜೀನುಗಳ ವಿಷಯವನ್ನು ಫೆಡರಲ್ ನಿಯಮ ಆಯಾ ಸ್ಪರ್ಧಾ ಸಂಘಗಳಿಗೆ ಬಿಟ್ಟಿದೆ. ಅಲ್ಲಿಯೂ ಎಚ್ಚರ ಬೇಕು. ಕಡಿವಾಣದ ಪಕ್ಕದ ಕೋಲು ಬಾಯಿಯ ಸರಳಿನಿಂದ ಕೆಳಗೆ 8 ಇಂಚು, ಮೇಲೆ 2 ಇಂಚು ಇದ್ದರೆ ಲಗಾಮಿನ ಎಳೆತ ಗದ್ದದ ಸರಪಳಿಯಲ್ಲಿ ಸುಮಾರು ನಾಲ್ಕು ಪಟ್ಟಾಗುತ್ತದೆ. ತಲೆ ತೂಗಬೇಕಾದ ಕುದುರೆಯನ್ನು ಹೀಗೆ ಬಿಗಿಹಿಡಿದರೆ ನಡೆಯ ಲಯವೇ ಕೆಡುತ್ತದೆ.

ಇನ್ನು ತಪಾಸಣೆ. ಕುದುರೆಯನ್ನು ನಡೆಸಿ, ತಿರುಗಿಸಿ ನೋಡುತ್ತಾರೆ. ನಂತರ ಪಾಸ್ಟರ್ನ್ ಮೇಲೆ ಹೆಬ್ಬೆರಳಿನ ಚಪ್ಪಟೆ ಭಾಗ ಊರಿ, ಉಗುರು ಬೆಳ್ಳಗಾಗುವಷ್ಟು ಒತ್ತುತ್ತಾರೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಾಲು ಎಳೆದುಕೊಂಡರೆ ನೋವಿದೆ ಎಂದರ್ಥ. 1975ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಕುದುರೆಗಳಿಗೆ ಗಾಯದ ಕಲೆಯ ನಿಯಮವೂ ಅನ್ವಯಿಸುತ್ತದೆ. ಎರಡೂ ಮುಂಗಾಲುಗಳಲ್ಲಿ ಒಂದೇ ಬಗೆಯ ಕಲೆ, ಉರಿಯೂತ ಅಥವಾ ಕೂದಲು ಉದುರುವಿಕೆ ಇದ್ದರೆ ಸಾಕು, ಕುದುರೆಯನ್ನು ನೋಯಿಸಲಾಗಿದೆ ಎಂದೇ ಲೆಕ್ಕ. ಎರಡೂ ಕಾಲಿಗೆ ಆಕಸ್ಮಿಕವಾಗಿ ಒಂದೇ ಗಾಯ ಆಗುವುದು ಅಪರೂಪ. ಅಡ್ಡದಾರಿಯವರೂ ಸುಮ್ಮನಿರಲಿಲ್ಲ. ಮರಗಟ್ಟಿಸುವ ಔಷಧಿ ಹಚ್ಚಿದರು. ಕೊಟ್ಟಿಗೆಯಲ್ಲೇ ಅಣಕು ತಪಾಸಣೆ ಮಾಡಿ, ಅಲುಗಿದಾಗಲೆಲ್ಲ ಹೊಡೆದು, ನೋವಾದರೂ ಅಲುಗದಂತೆ ಕುದುರೆಗೆ ಪಾಠ ಮಾಡಿದರು. ಈ ಕ್ರೌರ್ಯ 2012ರಲ್ಲಿ ರಹಸ್ಯ ವಿಡಿಯೊ ಮೂಲಕ ಟಿ.ವಿ.ಗೆ ಬಂದಾಗ ದೇಶವೇ ಬೆಚ್ಚಿತು.

ಅದಕ್ಕೆ ಮುಂಚೆಯೇ, 2010ರಲ್ಲಿ ಕೃಷಿ ಇಲಾಖೆಯದೇ ಲೆಕ್ಕಪರಿಶೋಧನೆ ಉದ್ಯಮದ ಪರೀಕ್ಷಕರ ವ್ಯವಸ್ಥೆ ಕೆಲಸ ಮಾಡುತ್ತಿಲ್ಲ ಎಂದಿತ್ತು. ಎಲ್ಲ ಪ್ಯಾಡು, ಸರಪಳಿ ನಿಷೇಧಿಸುವ ‘ಪಾಸ್ಟ್’ ಮಸೂದೆ 2019 ಮತ್ತು 2022ರಲ್ಲಿ ಕೆಳಮನೆ ದಾಟಿತು, ಸೆನೆಟ್‌ನಲ್ಲಿ ನಿಂತಿತು. 2017ರ ಜನವರಿಯಲ್ಲಿ ಇಲಾಖೆ ಸಿದ್ಧಪಡಿಸಿದ ಕಠಿಣ ನಿಯಮವನ್ನು ಹೊಸ ಸರ್ಕಾರ ಪ್ರಕಟಣೆಗೆ ಮೊದಲೇ ಹಿಂಪಡೆಯಿತು. 2024ರ ಮೇ ತಿಂಗಳಲ್ಲಿ ಮತ್ತೆ ಅಂಥದೇ ನಿಯಮ ಬಂತು, 2025ರ ಫೆಬ್ರುವರಿ 1ರಿಂದ ಜಾರಿ ಎಂದೂ ಆಯಿತು. ಅದರ ಹಿಂದಿನ ದಿನ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ಪ್ಯಾಡು-ಸರಪಳಿಗಳ ಪೂರ್ಣ ನಿಷೇಧವನ್ನು ರದ್ದು ಮಾಡಿತು: ಕಾಯ್ದೆ ನೋವು ಕೊಡುವುದನ್ನು ತಡೆಯಲು ಹೇಳುತ್ತದೆ, ನೋವಿಲ್ಲದೆ ಬಳಸಬಹುದಾದ ಉಪಕರಣವನ್ನೇ ಇಲಾಖೆ ನಿಷೇಧಿಸುವಂತಿಲ್ಲ ಎಂಬ ತರ್ಕ. ಉಳಿದ ಭಾಗಗಳ ಜಾರಿಯನ್ನು ಇಲಾಖೆ ಮುಂದೂಡಿತು.

ಔನ್ಸಿನ ಲೆಕ್ಕಕ್ಕೆ ಸುರಿದ ಶ್ರಮದ ಅರ್ಧದಷ್ಟನ್ನಾದರೂ ಸ್ವತಂತ್ರ ಪಶುವೈದ್ಯರನ್ನು ಕಣದ ಬಾಗಿಲಲ್ಲಿ ನಿಲ್ಲಿಸಲು ಹಾಕಿದ್ದರೆ ಇಷ್ಟು ದೂರ ಬರಬೇಕಿರಲಿಲ್ಲ. ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 2021ರ ವರದಿಯೂ ತಪಾಸಣೆ ಪಶುವೈದ್ಯರ ಕೈಯಲ್ಲೇ ಇರಬೇಕೆಂದಿದೆ. ಈ ನಡುವೆ ಪ್ಯಾಡು, ಸರಪಳಿ ಎರಡೂ ಇಲ್ಲದ ಸಾದಾ ಲಾಳದ ವಿಭಾಗಗಳೂ ನಡೆಯುತ್ತಿವೆ. ಅಲ್ಲಿ ತಳಿಯ ಹಳೆಯ ನಡೆಯನ್ನೇ ನೋಡಿ ಅಂಕ ಕೊಡುತ್ತಾರೆ.