ಈಸ್ ಬೇಸ್ ಆಫ್: ಬಾಗಿಲಲ್ಲೇ ವಂಶ ವಿಚಾರಿಸುವ ಪ್ರಶ್ನೆ

ಸಿ ಪ್ಲಸ್ ಪ್ಲಸ್‌ನಲ್ಲಿ ಬಡ್ಡಿ ಲೆಕ್ಕ ಹಾಕುವ ಒಂದು ಟೆಂಪ್ಲೇಟ್ (ಹಲವು ಟೈಪ್‌ಗಳಿಗೆ ಅಚ್ಚಿನಂತೆ ಬಳಸುವ ಕೋಡ್) ಬರೆದಿದ್ದೀರಿ ಅಂತಿಟ್ಟುಕೊಳ್ಳಿ. ‘ಖಾತೆ’ ಕ್ಲಾಸ್‌ನಿಂದ ಇನ್ಹೆರಿಟ್ ಆದ, ಅಂದರೆ ಅದರ ಗುಣಗಳನ್ನು ವಂಶದಂತೆ ಪಡೆದ, ಟೈಪ್‌ಗಳಿಗಷ್ಟೇ ಅದು ಕೆಲಸ ಮಾಡಬೇಕು. ಯಾರೋ ‘ಗ್ರಾಹಕ’ ಕ್ಲಾಸನ್ನು ತಂದು ಕೊಟ್ಟರೆ? ಕಂಪೈಲರ್ ಟೆಂಪ್ಲೇಟಿನ ಒಳಗೆಲ್ಲೋ ಎಡವಿ ಎರರ್‌ಗಳ ರಾಶಿ ಸುರಿಯುತ್ತದೆ. ಅದನ್ನು ಓದುವುದೇ ಒಂದು ಶಿಕ್ಷೆ, ಅಲ್ವಾ?

ಬಾಗಿಲಲ್ಲೇ ‘ನೀನು ಯಾರ ಕಡೆಯವನಪ್ಪಾ?’ ಅಂತ ಕೇಳುವುದಕ್ಕೆ ಇರುವುದು ‘ಈಸ್ ಬೇಸ್ ಆಫ್’. ಸಿ ಪ್ಲಸ್ ಪ್ಲಸ್ 11ರಲ್ಲಿ ‘ಟೈಪ್ ಟ್ರೇಟ್ಸ್’ ಹೆಡರ್ ಜೊತೆ ಬಂತು. ಎರಡು ಟೈಪ್ ಕೊಟ್ಟರೆ, ಮೊದಲನೆಯದು ಎರಡನೆಯದಕ್ಕೆ ಬೇಸ್ ಕ್ಲಾಸ್ (ಅಪ್ಪನ ಹಾಗಿರುವ ಮೂಲ ಕ್ಲಾಸ್) ಹೌದೋ ಅಲ್ಲವೋ ಅಂತ ಕಂಪೈಲ್ ಆಗುವಾಗಲೇ ಹೇಳುತ್ತದೆ. ಆ ಉತ್ತರವನ್ನು ‘ಸ್ಟ್ಯಾಟಿಕ್ ಅಸರ್ಟ್’ (ಕಂಪೈಲ್ ಆಗುವಾಗಲೇ ಷರತ್ತು ಪರೀಕ್ಷಿಸುವ ಸೌಲಭ್ಯ) ಒಳಗೆ ಇಟ್ಟರೆ, ತಪ್ಪು ಟೈಪ್ ಬಂದಾಗ ನೀವೇ ಬರೆದ ಸಂದೇಶ ಕಾಣುತ್ತದೆ. ‘ಡೈನಮಿಕ್ ಕಾಸ್ಟ್’ ಪ್ರೋಗ್ರಾಂ ಓಡುವಾಗ ಕೈಗೆ ಸಿಕ್ಕ ಆಬ್ಜೆಕ್ಟನ್ನು ವಿಚಾರಿಸುತ್ತದೆ. ‘ಈಸ್ ಬೇಸ್ ಆಫ್’ಗೆ ಆಬ್ಜೆಕ್ಟೇ ಬೇಡ.

ಇದು ಬರುವ ಮೊದಲು ಒಂದು ಮಜವಾದ ಉಪಾಯ ಇತ್ತು. ಒಂದೇ ಹೆಸರಿನ ಎರಡು ಫಂಕ್ಷನ್ ಮಾಡಿ. ಒಂದು ‘ಖಾತೆ’ ಪಾಯಿಂಟರ್ (ಆಬ್ಜೆಕ್ಟ್ ಇರುವ ಜಾಗದ ವಿಳಾಸ) ತೆಗೆದುಕೊಂಡು 1 ಬೈಟಿನ ಕ್ಯಾರ್ ಕೊಡಲಿ. ಇನ್ನೊಂದಕ್ಕೆ ಮೂರು ಚುಕ್ಕಿ ಹಾಕಿ; ಅದು ಬೇರೆ ಏನು ಬಂದರೂ ತೆಗೆದುಕೊಂಡು 2 ಬೈಟಿನ ಸ್ಟ್ರಕ್ಟ್ ಕೊಡಲಿ. ಈಗ ಆ ಫಂಕ್ಷನ್‌ಗೆ ‘ಉಳಿತಾಯಖಾತೆ’ ಪಾಯಿಂಟರ್ ಕೊಟ್ಟು, ಅದು ಕೊಡುವುದರ ‘ಸೈಜ್ ಆಫ್’ (ಎಷ್ಟು ಬೈಟ್ ಅನ್ನುವುದು) ಕೇಳಿ. 1 ಬಂದರೆ ನೆಂಟಸ್ತಿಕೆ ಇದೆ, 2 ಬಂದರೆ ಇಲ್ಲ. ಆ ಫಂಕ್ಷನ್‌ಗಳ ಒಳಗೆ ಒಂದು ಸಾಲೂ ಬರೆಯಬೇಕಿಲ್ಲ. ‘ಸೈಜ್ ಆಫ್’ ಅವನ್ನು ಕರೆಯುವುದೇ ಇಲ್ಲ, ಸುಮ್ನೆ ಅಳತೆ ನೋಡುತ್ತದೆ ಅಷ್ಟೇ. ಇಂಥ ತಲೆ ಯಾರಿಗೆ ಓಡಿತೋ!

ಆದರೆ ‘ಈಸ್ ಬೇಸ್ ಆಫ್’ ಹೆಸರು ನೋಡಿ ಜಾಸ್ತಿ ನಂಬಬೇಡಿ. ‘ಖಾತೆ’ಗೆ ‘ಖಾತೆ’ಯೇ ಬೇಸಾ ಅಂತ ಕೇಳಿದರೆ ಹೌದು ಅನ್ನುತ್ತದೆ. ‘ಇಂಟ್’ಗೆ ‘ಇಂಟ್’ ಬೇಸಾ ಅಂದರೆ ಇಲ್ಲ ಅನ್ನುತ್ತದೆ, ಯಾಕಂದ್ರೆ ಅದು ಕ್ಲಾಸೇ ಅಲ್ಲ. ನಿಜವಾಗಿ ಕಾಲು ಜಾರುವುದು ಪ್ರೈವೇಟ್, ಅಂದರೆ ಹೊರಗಿನವರಿಗೆ ನೆಂಟಸ್ತಿಕೆ ಮುಚ್ಚಿಡುವ, ಇನ್ಹೆರಿಟೆನ್ಸ್‌ನಲ್ಲಿ. ಅಲ್ಲೂ ಉತ್ತರ ಹೌದು. ಆದರೆ ಹೊರಗಿನ ಕೋಡ್ ಡಿರೈವ್ಡ್ (ಇನ್ಹೆರಿಟ್ ಆದ ಕ್ಲಾಸ್‌ನ) ಪಾಯಿಂಟರನ್ನು ಬೇಸ್ ಪಾಯಿಂಟರಾಗಿ ಬಳಸಲು ಹೋದರೆ ಕಂಪೈಲರ್ ಬಿಡುವುದಿಲ್ಲ. ಮಗ ಹೌದು, ಮನೆಯೊಳಗೆ ಸೇರಿಸುವುದಿಲ್ಲ ಅಂದ ಹಾಗೆ. ಬಳಸಲು ಆಗುತ್ತದಾ ಅನ್ನುವುದೇ ನಿಮ್ಮ ಪ್ರಶ್ನೆಯಾದರೆ, ಎರಡು ಪಾಯಿಂಟರ್ ಕೊಟ್ಟು ‘ಈಸ್ ಕನ್ವರ್ಟಿಬಲ್’ ಕೇಳಿ.

ಸಿ ಪ್ಲಸ್ ಪ್ಲಸ್ 20ರ ‘ಡಿರೈವ್ಡ್ ಫ್ರಮ್’ ನೆಂಟಸ್ತಿಕೆ, ಬಳಕೆ ಈ ಎರಡನ್ನೂ ಒಟ್ಟಿಗೇ ನೋಡುತ್ತದೆ. ಹೊಸ ಕೋಡ್‌ಗೆ ನಾನು ಅದನ್ನೇ ಬಳಸುತ್ತೇನೆ. ಒಂದೇ ತಕರಾರು: ‘ಈಸ್ ಬೇಸ್ ಆಫ್’ನಲ್ಲಿ ಬೇಸ್ ಮೊದಲು ಬರೆಯಬೇಕು, ಇದರಲ್ಲಿ ಡಿರೈವ್ಡ್ ಮೊದಲು.